ಉಜ್ಜಬಾರದು

ಮೊದಲ ಪಾಠ ಅದೇ: ಉಜ್ಜಬಾರದು.
ಉಜ್ಜಿದರೆ ಮಸಿ ಒಳಗಿಳಿಯುತ್ತದೆ,
ಜಗಲಿಯಲ್ಲಿ ಕೂತವನು ಮನೆಯವನೇ ಆಗಿಬಿಡುತ್ತಾನೆ.
ನೀರು ಬೇಡ. ಸೋಪು ಬೇಡವೇ ಬೇಡ.
ಕಣ್ಣೀರೂ ನೀರೇ ಎಂದು ಹೇಳಲು ಬಾಯಿ ಬರುವುದಿಲ್ಲ;
ಕರವಸ್ತ್ರಗಳ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸುತ್ತೇನೆ.

ಎವಿಯಾ ದ್ವೀಪದ ಉತ್ತರ. ಶಾಲೆಯ ಆಟದ ಕೋಣೆ.
ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ನಾಲ್ಕು ಮೇಜು,
ಮೇಕೆಗೂದಲಿನ ಕುಂಚ, ಒಣ ಸ್ಪಂಜು, ಮೂಗಿಗೆ ಬಟ್ಟೆ.
ಮ್ಯೂಸಿಯಮ್ಮಿನಿಂದ ಮೂರು ದಿನದ ಮಟ್ಟಿಗೆ ಬಂದವಳು,
ಇಪ್ಪತ್ತು ವರ್ಷ ಸತ್ತವರ ಹೂಜಿಗಳ ಧೂಳು ಕೊಡವಿದವಳು ನಾನು.
ಆ ಧೂಳಿಗೆ ವಾಸನೆಯಿರಲಿಲ್ಲ.
ಕಿಟಕಿಯಾಚೆ ಗುಡ್ಡ:
ಹಲ್ಲು ಮುರಿದ ಬಾಚಣಿಗೆ.

ಜನ ತರುತ್ತಾರೆ,
ದಿಂಬಿನ ಚೀಲದಲ್ಲಿ, ಅಣಬೆ ಆರಿಸುವ ಬುಟ್ಟಿಯಲ್ಲಿ,
ಒಬ್ಬ ಹೆಲ್ಮೆಟ್ಟಿನೊಳಗೆ.
ಫ್ರಿಜ್ಜು, ಟೀವಿ ಯಾರೂ ತರುವುದಿಲ್ಲ.
ಕೂಸಿನ ಒಂದೇ ಕಾಲಿನ ಉಣ್ಣೆಯ ಚೀಲ,
ಜರ್ಮನಿಯಿಂದ ಬಂದ ಪತ್ರಗಳ ಕಟ್ಟು,
ಕೆಂಡದ ಮೇಲಿನ ಹಪ್ಪಳದಂತೆ ಅಂಚು ಸುರುಟಿದ್ದು.

ಪತ್ರಕ್ಕೆ ಬ್ರೆಡ್ಡು. ಹೌದು, ನಿನ್ನೆಯ ಬ್ರೆಡ್ಡಿನ ತಿರುಳು.
ನಾದಿ ಉಂಡೆ ಮಾಡಿ ಅಕ್ಷರದ ಮೇಲೆ ಒತ್ತಬೇಕು, ಎತ್ತಬೇಕು,
ಒತ್ತಬೇಕು, ಎತ್ತಬೇಕು.
ಉಂಡೆ ಕಪ್ಪಾದಷ್ಟೂ ಕಾಗದಕ್ಕೆ ಉಸಿರು.
ಬೇಕರಿಯ ಲಾಂಬ್ರೋಸ್ ದಿನಾ ಹತ್ತು ಕೊಡುತ್ತಾನೆ, ದುಡ್ಡು ಮುಟ್ಟುವುದಿಲ್ಲ.
ಬಾಗಿಲಲ್ಲಿ ಕೂತ ಮುದುಕನಿಗೆ ಮಾತ್ರ ಸಿಟ್ಟು:
“ಉಣ್ಣುವುದಕ್ಕೆ ಮಸಿ ಬಳಿಯುತ್ತೀಯಾ?
ನಲವತ್ತೊಂದರ ಚಳಿಗಾಲ ಕಂಡವಳಲ್ಲ ನೀನು.”
ತಲೆ ತಗ್ಗಿಸಿ ನಾದುತ್ತೇನೆ.

ಎವಾಂಥಿಯಾ ಬಂದದ್ದು ಎರಡನೆಯ ದಿನ.
ಮಡಿಲಲ್ಲಿ ಗಾಜಿನ ಪೆಟ್ಟಿಗೆ, ಊಟದ ತಟ್ಟೆಯಷ್ಟು ಅಗಲ.
ಒಳಗೆ ಮದುವೆಯ ಕಿರೀಟ ಎರಡು,
ಮೇಣದ ಹೂವು, ಮೇಣದ ಮೊಗ್ಗು,
ಎರಡನ್ನೂ ಗಂಟು ಹಾಕಿದ ಒಂದೇ ರಿಬ್ಬನ್ನು.
ಬೆಂಕಿ ಅಡುಗೆಮನೆಯಲ್ಲೇ ಉಂಡು ತೇಗಿತಂತೆ,
ಮಲಗುವ ಕೋಣೆಗೆ ಹೊಗೆಯನ್ನಷ್ಟೇ ಕಳಿಸಿತಂತೆ.
ಹೂಗಳು ಕರಗಿರಲಿಲ್ಲ, ಕೊಂಚ ಬಾಗಿದ್ದವು,
ಕಿವಿ ಮಂದವಾದವರು ಬಾಗುವ ಹಾಗೆ.

“ಬೆಳ್ಳಗಾಗುವುದಿಲ್ಲ,” ಅಂದೆ.
“ಮೊದಲೂ ಬೆಳ್ಳಗಿರಲಿಲ್ಲ,” ಅಂದಳು. “ಸ್ತಮಾತಿಸ್ ಹಾಸಿಗೆಯಲ್ಲೇ ಸೇದುತ್ತಿದ್ದ.”

ಒಂದು ಹೂವಿಗೆ ಅರ್ಧ ಗಂಟೆ.
ಎಸಳಿನ ಬೆನ್ನಿಗೆ ಕುಂಚದ ತುದಿ, ಉಸಿರು ಬಿಗಿಹಿಡಿದು.
ಆಮೇಲೆ ಮುಚ್ಚಳ ಮಗುಚಿದೆ.
ಗಾಜಿನ ಒಳಮೈಯಲ್ಲಿ, ಮೂಲೆಗೆ,
ಮಸಿ ಒಂದು ಕಡೆ ಗೆರೆಗೆರೆಯಾಗಿ ಕೂತಿತ್ತು.
ಹೆಬ್ಬೆರಳು.
ನಡುವೆ ಓರೆಯಾಗಿ ಒಂದು ಬರಿದು ಗೀಟು.

ಅವಳು ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದಳು.
“ಬಾಚಿ ತಗುಲಿದ್ದು,” ಅಂದಳು,
“ನಿಶ್ಚಿತಾರ್ಥಕ್ಕೂ ಮುಂಚೆ.”

ರಾಳ ತೆಗೆಯುವವನು ಅವನು.
ಪೈನಿನ ತೊಗಟೆ ಕೆತ್ತಿ ಚೀಲ ಕಟ್ಟುವ ಕೈ,
ಸೀಮೆಎಣ್ಣೆ ಹಾಕಿ ತೊಳೆದರೂ ಅಂಟು ಬಿಡದ ಕೈ,
ಮದುವೆಯ ಮರುದಿನ ಈ ಮುಚ್ಚಳ ಹಾಕಿದ ಕೈ.
ಮೂವತ್ತೆಂಟು ವರ್ಷ ಯಾರ ಕಣ್ಣಿಗೂ ಬೀಳದೆ
ಗಾಜಿನ ಮೇಲೆ ಕೂತಿದ್ದ ಅಂಟು.
ಹೊಗೆ ಬಂದು ಹುಡುಕಿತು,
ಗೆರೆ ತಪ್ಪದೆ ಬರೆಯಿತು.

ಅದೇ ರಾಳ ಗುಡ್ಡದ ಮೇಲಿಂದ ಬೆಂಕಿಯನ್ನು
ಕೈಹಿಡಿದು ಊರೊಳಗೆ ಕರೆತಂದದ್ದು.
ಅದನ್ನು ಅವಳೂ ಆಡಲಿಲ್ಲ, ನಾನೂ.

“ಇದೂ ಮಸಿಯೇ ತಾನೆ?”
“ಮಸಿಯೇ.”
“ಸುತ್ತ ಒರೆಸು,” ಅಂದಳು. “ಅಂಗಡಿಯವರು ಬೆಲೆಚೀಟಿ ಬಿಟ್ಟು ಒರೆಸುವ ಹಾಗೆ.”
ನಕ್ಕಳೋ, ಕೆಮ್ಮಿದಳೋ.

ಬಿಸಿಲು ಬುಟ್ಟಿಯ ಬಲೆ ದಾಟಿ ಹೋಗುವ ತನಕ
ಒಂದು ಬೆರಳಿನ ದಂಡೆಯುದ್ದಕ್ಕೂ ಕೆಲಸ ಮಾಡಿದೆ,
ಕಡಲ ಅಂಚಿನ ಹೊಲದವರಂತೆ, ಒಂದಂಗುಲ ಅತ್ತ ಹೋಗದೆ.
ಅವಳು ಪೆಟ್ಟಿಗೆಯನ್ನು ಬಸ್ಸಿನ ಕಿಟಕಿಯ ಕಡೆ ಹಿಡಿದು ಕೂತಳು.

ಮುದುಕ ಉಳಿದ ಬ್ರೆಡ್ಡಿನ ಹೊಪ್ಪಳೆಗಳನ್ನು ಕೇಳಿ ಇಸಿದುಕೊಂಡ,
ಕಾಫಿಗೆ ಅದ್ದಿ ತಿಂದ, ನನಗೂ ಒಂದು ಕೊಟ್ಟ.

ದೀಪ ಆರಿಸುವಾಗ ನೋಡಿದೆ:
ನನ್ನ ಹತ್ತು ಬೆರಳೂ ಎಲ್ಲೆಲ್ಲೂ,
ಸ್ವಿಚ್ಚಿನ ಮೇಲೆ, ಬಾಗಿಲ ಹಿಡಿಕೆಯ ಮೇಲೆ,
ಮುದುಕನ ಬಿಳಿ ಬಟ್ಟಲಿನ ಮೇಲೆ.
ನಾಳೆ ಬೆಳಿಗ್ಗೆ ಶಾಲೆಯ ಆಯಾ ಬರುತ್ತಾಳೆ,
ಬಕೆಟ್ಟು ತರುತ್ತಾಳೆ,
ಉಜ್ಜುತ್ತಾಳೆ.