ನಾಲ್ಕು ಬೆರಳು ಸಡಿಲ

ಒಟೀಲಿಯಾ ಬರುವುದು ಮೊದಲು ಕೇಳಿಸಿತು, ಆಮೇಲೆ ಕಂಡಿತು.
ಚಾಮಾ ನದಿಯ ಪಕ್ಕದ ಮಣ್ಣುರಸ್ತೆಯಲ್ಲಿ
ಐವತ್ತೆಂಟರ ಫೋರ್ಡ್ ಪಿಕಪ್ಪು,
ಹಿಂದೆ ಪಿನ್ಯೋನ್ ಸೌದೆ, ಸೌದೆಯ ಮೇಲೆ ನಾಯಿ.
ಇಡೀ ಗಾಡಿಯಲ್ಲಿ ಬಿಗಿಯಾಗಿದ್ದದ್ದು ಹಗ್ಗ ಒಂದೇ.

"ಕುಡಿದಿರೋದು ಇದು, ನಾನಲ್ಲ," ಎಂದಳು ಇಳಿಯುತ್ತಾ.
"ಪೊಲೀಸಿನವನು ನನ್ನ ಬಾಯಿ ಮೂಸಿ ನೋಡಿ
ಸುಮ್ಮನೆ ಬಿಟ್ಟು ಕಳಿಸಿದ."

ಸ್ಟೇರಿಂಗ್ ಹಿಡಿದು ಆಡಿಸಿದೆ.
ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು.
ನಾಲ್ಕು ಬೆರಳಿನಗಲ
ಕೈ ಹೇಳಿದ್ದು ಗಾಲಿಗೆ ಕೇಳಿಸುವುದೇ ಇಲ್ಲ.
ಕೇಳಿಸಿದ ಮೇಲೂ ಅಷ್ಟೆ:
ಇವಳು ಏರಿಗೆ, ಅದು ನೀರಿಗೆ.

ಗಾಲಿಗೆ ಕಲ್ಲು ಕೊಟ್ಟು ಅಡಿಗೆ ನುಸುಳಿದೆ.
ಇದು ಇಬ್ಬರ ಕೆಲಸ.
ಮೇಲೆ ಒಬ್ಬರು ಆಡಿಸಬೇಕು, ಕೆಳಗೆ ಒಬ್ಬರು ನೋಡಬೇಕು.
"ಎಡಕ್ಕೆ!"
"ನಿನ್ನ ಎಡವೋ, ನನ್ನ ಎಡವೋ?"
"ನೀನು ಶಿಲುಬೆ ಗುರುತು ಹಾಕದ ಕೈ, ಒಟೀಲಿಯಾ!"
ಸ್ವಲ್ಪ ಹೊತ್ತು ಸದ್ದಿಲ್ಲ.
ಹಾಕಿ ನೋಡುತ್ತಿದ್ದಳು ಅಂತ ಕಾಣುತ್ತದೆ.

ಕೀಲಿನಿಂದ ಕೀಲಿಗೆ ಬೆರಳಿಟ್ಟುಕೊಂಡು ಹೋದೆ,
ನಾಡಿ ಹಿಡಿದ ಹಾಗೆ.
ಅಲುಗುವುದನ್ನು ಯಾರು ಬೇಕಾದರೂ ನೋಡುತ್ತಾರೆ,
ಅಲುಗಿದ್ದು ಎಲ್ಲಿಗೆ ಬಂದು ಸತ್ತಿತು, ಅದು ಬೇಕು ನನಗೆ.
ಉದ್ದ ಸರಳಿನ ತುದಿಯಲ್ಲಿ ಸಿಕ್ಕಿತು:
ಗುಂಡು ಸವೆದು ಮೊಟ್ಟೆಯಾಗಿದೆ,
ಒಳಗಿನ ಸ್ಪ್ರಿಂಗು ಎರಡು ತುಂಡು,
ಗ್ರೀಸು ಹೋಗಿ ಹಳೇ ಬೆಲ್ಲದ ಗಟ್ಟಿ.
ಕಾಟರ್ ಪಿನ್ನು ಇರಬೇಕಾದ ತೂತಿನಲ್ಲಿ
ಬೇಲಿ ತಂತಿ.

"ಇದು ಯಾರ ಕೈಚಳಕ?"
"ಫೆಲಿಸಿಯಾನೊ. ನನ್ನ ಮೈದುನ.
ನಮ್ಮನೆ ಫ್ರಿಜ್ಜನ್ನೂ ಅವನೇ ರಿಪೇರಿ ಮಾಡಿದ್ದು.
ಈಗ ಅದರಲ್ಲಿ ಜೋಳ ಇಡುತ್ತೇವೆ."

ತಂತಿ ಕತ್ತರಿಸಿ ಬಿಸಾಡಿದೆ.
ಹೊಸ ಗುಂಡು, ಹೊಸ ಸ್ಪ್ರಿಂಗು, ಪಿನ್ನಿನ ಕಾಲು ಅಗಲಿಸಿ ಮಡಚಿದ್ದು.
ನಾಲ್ಕರಲ್ಲಿ ಎರಡೂವರೆ ಬೆರಳು ಅಲ್ಲೇ ಇಳಿಯಿತು.

ಉಳಿದದ್ದು ಸ್ಟೇರಿಂಗ್ ಪೆಟ್ಟಿಗೆಯೊಳಗೆ.
ಮೇಲೊಂದು ನಟ್ಟು, ನಟ್ಟಿನ ನಡುವೆ ಒಂದು ತಿರುಪು,
ತಿರುಪಿನ ತಲೆಯ ಮೇಲೆ ಫೆಲಿಸಿಯಾನೊನ ಉಳಿಯ ಗಾಯ.
ಕಾಲು ಸುತ್ತು ಬಿಗಿಮಾಡಿದೆ. ಇನ್ನೊಂದು ಕಾಲು.
ಇಲ್ಲಿ ಕೈ ತಡೆಯಬೇಕು.
ಎಸ್ಪನ್ಯೋಲಾಕ್ಕೆ ಹೋಗಿ ಬಂದು, ಹೋಗಿ ಬಂದು
ನೇರ ದಾರಿಯಲ್ಲೇ ಹಲ್ಲಿನ ನಡು ಸವೆದಿರುತ್ತದೆ.
ಅಂಚಿನ ಹಲ್ಲು ಇನ್ನೂ ಮದುಮಗನ ಹಲ್ಲು.
ನಡುವಿಗೆ ಅಂತ ಬಿಗಿ ಮಾಡಿದರೆ
ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ, ಬಿಡುವುದಿಲ್ಲ.
ಅರ್ಧ ಬೆರಳು ಬಿಟ್ಟೆ.
ಬಿಟ್ಟದ್ದನ್ನು ಅವಳಿಗೆ ಹೇಳಲಿಲ್ಲ.

"ಓಡಿಸಿ ನೋಡು," ಎಂದೆ, ಪಕ್ಕದಲ್ಲಿ ಕೂತು.
ಮೊದಲ ತಿರುವಿಗೇ ಗಾಡಿ ಕಾಲುವೆಗೆ ಮೂತಿ ಹಾಕಿತು.
ಇನ್ನೊಂದು ಮೊಳ, ಇಬ್ಬರೂ ಒದ್ದೆ.
ನಾಯಿ ಹಾರಿತು, ಸೌದೆ ಹಾರಿತು,
ಅವಳ ಬಾಯಿಂದ ಸಂತರ ಹೆಸರುಗಳೂ ಹಾರಿದವು,
ಒಬ್ಬರನ್ನೂ ಬಿಡದೆ.

ಇಪ್ಪತ್ತಾರು ವರ್ಷ ಕಿವಿ ಕೇಳದ ಗಂಡನ ಜೊತೆ ಬಾಳಿದವಳು
ಚರ್ಚಿನಲ್ಲೂ ಕೂಗಿ ಮಾತಾಡುವ ಹಾಗೆ
ಅವಳ ಕೈ, ಬೇಕಾದದ್ದರ ಮೂರರಷ್ಟು ತಿರುಗಿಸಿತ್ತು.
ಈಗ ಗಾಡಿಗೆ ಪಿಸುಮಾತೂ ಕೇಳಿಸುತ್ತದೆ.

"ಇದು ಯಾರದೋ ಗಾಡಿ," ಎಂದಳು,
ಸ್ಟೇರಿಂಗಿನಿಂದ ಎರಡೂ ಕೈ ಎತ್ತಿ.
"ಒಂದು ಬೆರಳು ವಾಪಸು ಕೊಡು. ಒಂದೇ ಒಂದು."
ನಾನು ಇಳಿದು ಸೌದೆ ಆರಿಸತೊಡಗಿದೆ.
ನನ್ನ ಕೂಲಿ ಅದರಲ್ಲೇ ಇತ್ತು, ಮೂರನೇ ಒಂದು ಪಾಲು,
ದಪ್ಪ ತುಂಡುಗಳನ್ನೇ ಬೇರೆ ಇಟ್ಟುಕೊಂಡೆ.

ಮೊನ್ನೆ ಮಂಗಳವಾರ ಮತ್ತೆ ಈ ದಾರಿಯಲ್ಲೇ ಹೋದಳು,
ದಾರ ಎಳೆದ ಹಾಗೆ ನೇರಕ್ಕೆ, ನನ್ನ ಕಡೆ ನೋಡದೆ.
ಹಿಂದೆ ಸೌದೆಯ ಮೇಲೆ ಕೂತ ನಾಯಿ ಮಾತ್ರ
ನನ್ನ ಗೇಟಿನೆದುರು
ಗಾಡಿ ಯಾವಾಗಲೂ ವಾಲುತ್ತಿದ್ದ ಜಾಗಕ್ಕೆ ಬಂದಾಗ
ಉಗುರೂರಿ, ಮೈ ಎಡಕ್ಕೆ ಕೊಟ್ಟು
ಕಾದಿತು.