ಬಾಗಿಲು ಕೇಳದ ಸವಾರಿ

ಪ್ರಯೋಗಶಾಲೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ
ಮೂರು ಸಣ್ಣ ಶೀಶೆಗಳು, ಮೂರಕ್ಕೂ ನನ್ನ ಕೈಬರಹದ ಚೀಟಿ.
ವ್ಯಾಲಿನೊಮೈಸಿನ್ ಪೊಟ್ಯಾಸಿಯಂ ಹೊರುತ್ತದೆ;
ಸೋಡಿಯಂ ಬಂದು ನಿಂತರೆ
ಮಡಿಲಿಗೆ ತೀರ ಸಣ್ಣದೆಂದು ಬಿಟ್ಟುಬಿಡುತ್ತದೆ.
ಗ್ರಾಮಿಸಿಡಿನ್ ಏನನ್ನೂ ಹೊರುವುದಿಲ್ಲ,
ಗೋಡೆಗೊಂದು ಕೊಳವೆ ಇಟ್ಟು ಸುಮ್ಮನಿರುತ್ತದೆ.
ಮೂರನೆಯದು ಮೊನೆನ್ಸಿನ್.
ಅದರ ಮಾತು ಆಮೇಲೆ.

ಬುಧವಾರ ಫ್ಲಾಸ್ಕಿನಲ್ಲಿ ಕುರಿಯ ರಕ್ತ ಬರುತ್ತದೆ.
ತೊಳೆದು, ತಿರುಗಿಸಿ, ಕೆಂಪು ಕಣಗಳನ್ನಷ್ಟೇ ಉಳಿಸಿ
ಒಂದು ಹನಿ ಬಿಡುತ್ತೇನೆ.
ಮೀಟರಿನ ಮುಳ್ಳು ಏಳುತ್ತದೆ:
ಒಳಗಿದ್ದದ್ದು ಹೊರಗೆ ಬಂತು.
ಹನ್ನೊಂದು ವರ್ಷದಿಂದ ಇಷ್ಟೇ ನನ್ನ ವಿದ್ಯೆ.
ಗೋಡೆ ಏನನ್ನು ತಡೆದಿತ್ತೆಂದು ತಿಳಿಯಲು
ದಾಟಿಸುವವನೊಬ್ಬನನ್ನು ಕಳಿಸಿ ನೋಡುವುದು.

ಲಾಡ್ಲೇಸಾಬ ಬಂದದ್ದು ಅಂಥ ಒಂದು ಬುಧವಾರ,
ಕೈಯಲ್ಲಿ ಪಶುವೈದ್ಯರ ಚೀಟಿ.
ಅವನ ಕುದುರೆ ಪಿಸ್ತಾ, ಸ್ಟೇಷನ್ನಿನಿಂದ ಬರುತ್ತ
ಗಾಂಧಿ ಚೌಕದ ತಿರುವಿನಲ್ಲಿ
ಮೂಕಿಯ ನಡುವೆಯೇ ಕೂತುಬಿಟ್ಟಿತ್ತು.
ಕುದುರೆ ಹಾಗೆ ಕೂಡುವುದಿಲ್ಲ.
ಇಂಡಿ ರಸ್ತೆಯ ಕೋಳಿ ಫಾರಂ ಮುಚ್ಚುವಾಗ
ಅರ್ಧ ರೇಟಿಗೆ ಸಿಕ್ಕ ಒಂದು ಚೀಲ,
ಮೆಕ್ಕೆಜೋಳದ ನುಚ್ಚು, ಘಮ್ಮೆನ್ನುತ್ತಿತ್ತಂತೆ.
"ತಿಂದ ಕೋಳಿ ಬದುಕ್ತಾವು.
ಕುದುರಿ ಯಾಕ ಸತ್ತೀತ್ರೀ ಬಾಯಾರ?"

ಮೂರನೆಯ ಶೀಶೆ ತೆಗೆದು ಮೇಜಿನ ಮೇಲಿಟ್ಟೆ.
ಕೋಳಿಯ ಕರುಳಿನ ರೋಗಕ್ಕೆಂದು ಬೆರೆಸುತ್ತಾರೆ.
ಜೀವಕಣಕ್ಕೂ ನಮ್ಮೂರಿನ ಹಾಗೆ ಕೋಟೆಗೋಡೆ,
ಎಣಿಸಿಟ್ಟ ಅಗಸಿ, ಅಗಸಿಗೊಬ್ಬ ಪಹರೆಯವ.
ಇದು ಅಗಸಿಯ ಕಡೆ ಹೋಗುವುದೇ ಇಲ್ಲ.
ಮೈಗೆಲ್ಲ ಎಣ್ಣೆ, ಒಳಗೆ ಒಬ್ಬರಿಗೆ ಕೂಡಲು ಜಾಗ.
ಸೋಡಿಯಂ ಹತ್ತಿಸಿಕೊಂಡು ಗೋಡೆಯಲ್ಲೇ ಕರಗಿ
ಆಚೆ ಇಳಿಸುತ್ತದೆ; ಬರುವಾಗ ಒಂದು ಪ್ರೋಟಾನ್.
ಮತ್ತೆ ಹೋಗುತ್ತದೆ.
ಹೊರಗೆ ಹಾಕಿ ಹಾಕಿ ಕುದುರೆಯ ಎದೆ ದಣಿಯುತ್ತದೆ,
ಕೋಳಿಗಿಂತ ಎಷ್ಟೋ ಬೇಗ.

ಅವನು ಬಹಳ ಹೊತ್ತು ಶೀಶೆ ನೋಡಿದ.
"ಒಬ್ಬನ್ನ ಒಯ್ಯೂದು, ಬರೂಮುಂದ ಇನ್ನೊಬ್ಬನ್ನ ತರೂದು.
ಅಂದ್ರ ಇದೂ ಟಾಂಗಾನ ಹೊಡೀತೈತಿ."
ಹೂಂ ಅಂದೆ. ನಾನು ಓದಿದ ಪುಸ್ತಕದಲ್ಲಿ
ಅಷ್ಟು ನೆಟ್ಟಗೆ ಬರೆದಿರಲಿಲ್ಲ.
"ಬಾಡಿಗಿ ಯಾರು ಕೊಡ್ತಾರ?"
ಬಾಡಿಗೆ ಇಲ್ಲ, ಇಳಿಜಾರಷ್ಟೇ.
ಹೊರಗೆ ಹೆಚ್ಚು, ಒಳಗೆ ಕಮ್ಮಿ.
"ಅದಕ್ಕ ನಿಲ್ಲಲಿಲ್ಲ ನೋಡ್ರಿ.
ಬಾಡಿಗಿ ಕೇಳಾಕರೆ ಒಂದ ಗಳಿಗಿ ನಿಂದರತಿತ್ತು."

ಕುರಿಯ ರಕ್ತ ಅಷ್ಟರಲ್ಲಿ ತಳ ಹಿಡಿದಿತ್ತು, ಚೆಲ್ಲಿದೆ.
ಸಂಜೆ ಬಾಗಿಲು ಹಾಕಲು ಹೋದಾಗ
ಹೊಸ್ತಿಲಾಚೆ ಉಳಿದರ್ಧ ಚೀಲ, ಬಾಯಿಗೆ ಲಗಾಮಿನ ಹಗ್ಗ ಬಿಗಿದು.
ನಿಮಗೆ ಬೇಕಾದೀತು, ಎಂದು ಜವಾನನಿಗೆ ಹೇಳಿದ್ದನಂತೆ.
ತೂಗಿದೆ. ಹದಿನೆಂಟು ಕಿಲೋ.
ಚೀಟಿ ಅಂಟಿಸಿದೆ.
ಏನು ಬರೆಯಬೇಕೋ ಹೊಳೆಯದೆ
ತಾರೀಖು ಮಾತ್ರ ಬರೆದೆ.