ಉಳಿದ ತುಂಡು

ಜುಲೈ ತಿಂಗಳು. ಭಾನುವಾರ ಮಧ್ಯಾಹ್ನ
ಹೊಂಡದ ಸರ್ಕಲ್ ಹಿಂದಿನ ಗರಡಿಮನೆಯ ಪಡಸಾಲೆ ನಮ್ಮದು.
ಪೈಲ್ವಾನರು ಬೆಳಗಿನ ಸಾಮು ಮುಗಿಸಿ ಹೋಗಿರುತ್ತಾರೆ,
ಕೆಮ್ಮಣ್ಣಿನಲ್ಲಿ ಎಣ್ಣೆ ಮಜ್ಜಿಗೆಯ ವಾಸನೆ ಇನ್ನೂ ಎದ್ದಿರುವುದಿಲ್ಲ.
ಒಂದು ಮೇಜು, ಎರಡು ಲ್ಯಾಪ್‌ಟಾಪು,
ಆಂಜನೇಯನ ಪಟದ ಕೆಳಗೆ ಇರುವ ಒಂದೇ ಪ್ಲಗ್ಗು.
ಹೊರಗೆ ರಟ್ಟಿನ ಮೇಲೆ ದಪ್ಪ ಅಕ್ಷರ:
‘ಆದಾಯ ತೆರಿಗೆ ಸಹಾಯ. ದುಡ್ಡು ಕೊಡಬೇಡಿ.’
ಮೊದಲ ವಾರ ಇದನ್ನು ಓದಿ ಮೂವರು
ಇನ್ನು ತೆರಿಗೆಯೇ ಕೊಡಬೇಕಿಲ್ಲವೆಂದು ಖುಷಿಯಾಗಿ ಹೋದರು.

ನಾನು ಸಿ.ಎ. ಫೈನಲ್ ನಾಲ್ಕು ಸಲ ಬರೆದು ಬಿಟ್ಟವನು.
ಆರು ದಿನ ಮಂಡಿಪೇಟೆಯ ಯೂನಿಫಾರಂ ಅಂಗಡಿಯ ಲೆಕ್ಕ,
ಏಳನೆಯ ದಿನ ಇಲ್ಲಿ. ಪುಣ್ಯಕ್ಕೆಂದಲ್ಲ,
ಬಾಡಿಗೆ ರೂಮಿನಲ್ಲಿ ಭಾನುವಾರ ಬಹಳ ಉದ್ದ.

ಮೊದಲು ಬಂದವರು ಉಸ್ತಾದ್ ಮೈಲಾರಪ್ಪನವರೇ.
ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ:
‘ತೊಂಬತ್ತೊಂದರಾಗ ಗೆದ್ದ ಬೆಳ್ಳಿ ಗದೆ ಐತಿ. ತೋರಿಸ್ಬೇಕೇನು?’
‘ಅದರಿಂದ ಏನಾದರೂ ಬರುತ್ತಾ ಯಜಮಾನರೆ?’
‘ಧೂಳು ಬರ್ತತಿ.’
‘ಧೂಳಿಗೆ ತೆರಿಗೆ ಇಲ್ಲ.’
ಎದ್ದು ಹೋದರು, ಯಾಕೋ, ತುಸು ಬೇಜಾರಿನಲ್ಲೇ.

ಆಮೇಲೆ ಟೆಂಪೋ ಕೊಟ್ರೇಶಿ. ಪ್ಯಾನಿನಲ್ಲೊಂದು ಹೆಸರು,
ಆಧಾರಿನಲ್ಲಿ ಅದಕ್ಕೊಂದು ‘ಹೆಚ್’ ಹೆಚ್ಚು.
‘ಆ ಹೆಚ್ಚಿನವ ಯಾರ್ರೀ? ಅವನ ಗಳಿಕೀನೂ ನಂದಾ?’

ನಾಲ್ಕು ಗಂಟೆಗೆ ಆಕೆ. ನಿಟ್ಟುವಳ್ಳಿಯಿಂದ ನಡೆದು ಬಂದವರು,
ಕೊರಳಿನ ಅಳತೆ ಟೇಪು ತೆಗೆಯಲು ಮರೆತು.
ಬ್ಯಾಂಕಿನಲ್ಲಿ ಯಾರೋ ಅಂದರಂತೆ,
‘ನಿಂದೇನೋ ದುಡ್ಡು ಸರ್ಕಾರದ ಹತ್ರ ಐತಿ.’
ಕಾರ್ಡು ಮೇಜಿನ ಮೇಲಿಟ್ಟರು. ಹತ್ತು ಅಕ್ಷರ.
ಕಣ್ಣು ಓದಿ ಮುಗಿಸುವ ಮೊದಲೇ
ಬೆರಳು ಟೈಪು ಮಾಡಿಬಿಟ್ಟಿತ್ತು.

ಈ ಸಂಖ್ಯೆ ನನಗೆ ಗೊತ್ತು.
ತಿಂಗಳು ತಿಂಗಳೂ ಕುಟ್ಟುವವನು ನಾನೇ:
ನರ್ಸಿಂಗ್ ಕಾಲೇಜಿನ ಬಿಳಿ ಕೋಟು, ಹೊಲಿಗೆ ಕೂಲಿ,
ನೂರಕ್ಕೆ ಒಂದು ಕಡಿತ.
ಆರು ವರ್ಷದ ಪರಿಚಯ; ಮುಖ ಇವತ್ತು ನೋಡಿದೆ.
ತೋರುಬೆರಳ ತುದಿಯಲ್ಲಿ ಸೂಜಿಯ ಕಪ್ಪು ಚುಕ್ಕೆಗಳು.
ಹೆಸರು ಹಾಲಮ್ಮ. ನನ್ನ ಇಂಗ್ಲಿಷ್ ಪಟ್ಟಿಯಲ್ಲಿ ಅದನ್ನು
ಹಲಾಮಾ ಎಂದೋ ಏನೋ ಓದಿಕೊಂಡಿದ್ದೆ.

ಪರದೆಯ ಮೇಲೆ ಸಾಲು ಸಾಲು. ಕಡಿದವರು: ನಮ್ಮ ಅಂಗಡಿ.
ಈ ವರ್ಷದ್ದು ಎರಡು ಸಾವಿರದ ಮುನ್ನೂರ ನಲವತ್ತು.
‘ಇಷ್ಟೂ ವಾಪಸ್ ಬರುತ್ತೆ’ ಅಂದೆ.
‘ಕತ್ತರಿಸಿದ್ದು ಯಾರು?’
ಕೀಬೋರ್ಡ್ ನೋಡುತ್ತ, ‘ಅಂಗಡಿಯವರು. ಕಾನೂನು ಹಾಗಿದೆ.’
‘ಕತ್ತರಿಸ್ಲಿ, ಬ್ಯಾಡ ಅನ್ನಲ್ಲ. ನಾನೂ ಕತ್ತರಿಸ್ತೀನಿ.
ಉಳಿದ ತುಂಡು ಮಡಚಿ ಗಿರಾಕಿ ಕೈಗೆ ಕೊಡ್ತೀನಿ.
ಒಂದು ಮಾತು ಹೇಳಬೇಕಲ್ಲ, ಉಳದೈತಿ ಅಂತ.’

ಹಿಂದಿನ ಐದು ವರ್ಷದ್ದು ಕೇಳಿದರು.
ಗಡುವು ದಾಟಿದೆ, ಅರ್ಜಿ ಬರೆಯಬೇಕು, ಕಾಯಬೇಕು,
ಬಂದರೆ ಬಂತು. ‘ಬರೀರಿ’ ಅಂದರು.
‘ತಡವಾದ ಕಾರಣ’ ಎಂಬಲ್ಲಿ
ಬಹಳ ಹೊತ್ತು ಕರ್ಸರ್ ಮಿಣುಕುತ್ತ ನಿಂತಿತ್ತು.
ಓಟಿಪಿ ಬಂದಾಗ ಅಂಕಿಗಳನ್ನು ಒಂದೊಂದೇ ಹೇಳಿದರು,
ಎದೆ, ಸೊಂಟ, ತೋಳು ಎನ್ನುವ ಹಾಗೆ.

ಸೋಮವಾರ ಅಂಗಡಿಯಲ್ಲಿ,
ಕೊಡಬೇಕಿದ್ದು, ಯಾರೂ ಕೇಳಲಿಲ್ಲವೆಂದು ಕೊಡದೆ ಬಿಟ್ಟ
ಕಡಿತದ ಸರ್ಟಿಫಿಕೇಟುಗಳನ್ನೆಲ್ಲ ಮುದ್ರಿಸಿದೆ.
ನಲವತ್ತೊಂದು ಹೊಲಿಗೆಯವರು.
ಒಂದೊಂದರ ತಲೆಗೂ ಕನ್ನಡದಲ್ಲಿ ಹೆಸರು,
ಗೊತ್ತಿಲ್ಲದ ಕಡೆ ಫೋನು ಮಾಡಿ ಕೇಳಿಕೊಂಡು;
ಕೆಳಗೆ ಪೆನ್ನಿನಲ್ಲಿ: ಭಾನುವಾರ, ಗರಡಿಮನೆ, ಹೊಂಡದ ಸರ್ಕಲ್ ಹಿಂದೆ.

ಸಾಹುಕಾರರು ಪ್ರಿಂಟರ್ ಹತ್ತಿರ ಬಂದು
ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ ಕೇಳಿದರು:
‘ಟೋನರ್ ಯಾಕಪಾ ಇಷ್ಟು ಬೇಗ ಖಾಲಿ?’